ಮಾಮಾ ಜಾರಿದ ಒಂದೂವರೆ ಸೆಕೆಂಡು

ಸಾಂತಾಕ್ರೂಜ್‌ನ ನಮ್ಮ ಸ್ಟುಡಿಯೋದಲ್ಲಿ ಒಂದು ನಿಯಮ ಇತ್ತು. ಯಾವ ಚಲನೆಯೇ ಆಗಲಿ, ಮೊದಲು ಸ್ವಂತ ಮೈಯಲ್ಲಿ ಮಾಡಿ ನೋಡಬೇಕು, ಆಮೇಲೆ ಪೆನ್ಸಿಲ್ ಹಿಡಿಯಬೇಕು. ಬೆಕ್ಕು ಮೇಜಿನಿಂದ ಹಾರುವ ದೃಶ್ಯವಿದ್ದರೆ ನಾವೂ ಮೇಜು ಹತ್ತಿ ಹಾರುತ್ತಿದ್ದೆವು. ಒಬ್ಬರು ಹಾರುವಾಗ ಇನ್ನೊಬ್ಬರು ಸ್ಟಾಪ್‌ವಾಚ್ ಹಿಡಿಯುತ್ತಿದ್ದರು. ಸ್ಟುಡಿಯೋ ಎಂದರೆ ಒಂದು ಹೌಸಿಂಗ್ ಸೊಸೈಟಿಯ ನೆಲಮಹಡಿಯ ಫ್ಲ್ಯಾಟು. ಕಿಟಕಿಯಿಂದ ಇಣುಕಿದ ಅಕ್ಕಪಕ್ಕದವರು ಮೊದಲು ಇದು ನಾಟಕದ ಕಂಪನಿಯೆಂದುಕೊಂಡರು, ಆಮೇಲೆ ನಮ್ಮ ಬಗ್ಗೆ ಯೋಚಿಸುವುದನ್ನೇ ಬಿಟ್ಟರು.

ನಿಯಮ ಮಾಡಿದವರು ನಮ್ಮ ಡೈರೆಕ್ಟರು. ಧಾರವಾಡ ಕಡೆಯವರು, ಮುಂಬೈಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ಮಾತ್ರ ಊರಿನದೇ. "ಕೈಗೆ ಆಮ್ಯಾಲ ತಿಳೀಲಿ ತಂಗಿ, ಮೊದಲ ಮೈಗೆ ತಿಳೀಬೇಕು" ಎನ್ನುತ್ತಿದ್ದರು. ಮೈಸೂರಿನಿಂದ ಬಂದ, ಕಾಲೇಜಿನಲ್ಲಿ ಚಿತ್ರಕಲೆ ಓದಿದ ನನಗೆ ಮೊದಲ ತಿಂಗಳು ನಾಚಿಕೆಯಾಗುತ್ತಿತ್ತು. ಎರಡನೆಯ ತಿಂಗಳಿಗೆ ನಾನೂ ಕುರ್ಚಿಯಿಂದ ಬೀಳುವುದನ್ನು ಕಲಿತಿದ್ದೆ.

ಆ ನಿಯಮದ ದೆಸೆಯಿಂದಲೇ ಒಬ್ಬರು ನನ್ನ ಕಣ್ಣೆದುರು ಲೋಕಲ್ ಗಾಡಿಯ ಕೆಳಗೆ ಹೋಗುವುದರಲ್ಲಿದ್ದರು. ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ಇಷ್ಟು ವರ್ಷಗಳ ಮೇಲೂ ನಾನು ಅದನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡುತ್ತಿರುತ್ತೇನೆ. ನಮ್ಮ ಕಸುಬಿನವರಿಗೆ ಅದು ಅಭ್ಯಾಸ. ಕಾಗದದ ಕಂತೆಯನ್ನು ಬೆರಳ ನಡುವೆ ಹಿಡಿದು ಮಗುಚಿದರೆ ಬೊಂಬೆ ನಡೆಯುತ್ತದೆ, ಮತ್ತೆ ಮಗುಚಿದರೆ ಮತ್ತೆ ನಡೆಯುತ್ತದೆ. ಆ ದಿನವೂ ಹಾಗೆಯೇ ನನ್ನ ಬೆರಳಿಗೆ ಅಂಟಿಕೊಂಡಿದೆ.

ಒಂದು ಸರಕಾರಿ ಇಲಾಖೆ ನಮಗೆ ಎರಡು ನಿಮಿಷದ ಚಿತ್ರ ಒಪ್ಪಿಸಿತ್ತು. ಸಿನಿಮಾ ಥಿಯೇಟರುಗಳಲ್ಲಿ ದೊಡ್ಡ ಚಿತ್ರಕ್ಕೆ ಮೊದಲು ತೋರಿಸುವಂಥದು. ಹೊರಟ ಗಾಡಿಯನ್ನು ಓಡಿ ಹತ್ತಬೇಡಿ, ಇಷ್ಟೇ ವಿಷಯ. ಅದಕ್ಕಾಗಿ ನಾನೊಂದು ಪಾತ್ರ ಮಾಡಿದೆ. ದುಂಡು ಹೊಟ್ಟೆ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಊಟದ ಡಬ್ಬಿ, ಮೂಗಿನ ತುದಿಯಲ್ಲಿ ಕನ್ನಡಕ, ಫೋರ್ಟ್‌ನ ಯಾವುದೋ ಆಫೀಸಿನ ಗುಮಾಸ್ತ. ನಾವೆಲ್ಲ ಅವನನ್ನು ಮಾಮಾ ಎಂದು ಕರೆಯತೊಡಗಿದೆವು. ಅದುವರೆಗೆ ನಾನು ಬೇರೆಯವರ ಪಾತ್ರಗಳಿಗೆ ಕೈಕಾಲು ಆಡಿಸಿದವಳು. ಮಾಮಾ ತಲೆಯಿಂದ ಚಪ್ಪಲಿಯವರೆಗೆ ನನ್ನವನು.

ಕೆಲಸದ ಕ್ರಮ ಹೀಗೆ. ಒಂದು ಚಲನೆಯಲ್ಲಿ ಮುಖ್ಯವಾದ ಭಂಗಿಗಳನ್ನು ನಾನು ಬರೆಯುತ್ತಿದ್ದೆ. ಒಂದು ಭಂಗಿಗೂ ಇನ್ನೊಂದಕ್ಕೂ ನಡುವಿನ ಚಿತ್ರಗಳನ್ನು ಇನ್ನೊಬ್ಬರು ತುಂಬುತ್ತಿದ್ದರು. ಈ ನಡುವಿನ ಚಿತ್ರಗಳ ಸಹೋದ್ಯೋಗಿ ಉಡುಪಿಯವರು, ನನ್ನದೇ ವಯಸ್ಸು. ಸೋದರಮಾವನ ಹೋಟೆಲು ಫೋರ್ಟ್‌ನಲ್ಲಿತ್ತು. ಗಲ್ಲಾದ ಮೇಲೆ ಕೂರಿಸಲೆಂದು ಕರೆಸಿಕೊಂಡ ಅಳಿಯ ಬಿಲ್ಲಿನ ಹಿಂದೆ ಗಿರಾಕಿಗಳ ಮುಖ ಬರೆಯುತ್ತಿದ್ದುದನ್ನು ನೋಡಿ ಮಾವನೇ ಬೇಸತ್ತು ಬಿಟ್ಟುಕೊಟ್ಟಿದ್ದರಂತೆ. ಉಡುಪಿಯವರು ನಟನೆಯಲ್ಲಿ ನಮ್ಮೆಲ್ಲರಿಗಿಂತ ಜೋರು. ಒಂದೇ ಕೈಯಲ್ಲಿ ಆರು ತಟ್ಟೆ ಹಿಡಿದ ಮಾಣಿಯ ನಡಿಗೆ ಮಾಡಿದರೆ, ಇಲ್ಲದ ತಟ್ಟೆ ಬಿದ್ದೀತೆಂದು ನಾವು ಕೈ ಚಾಚುತ್ತಿದ್ದೆವು.

ಪೆನ್ಸಿಲ್ ಚಿತ್ರಗಳನ್ನು ಹಾಗೆಯೇ ಕಪ್ಪುಬಿಳುಪು ಫಿಲ್ಮಿನಲ್ಲಿ ತೆಗೆದು ನೋಡುವುದಕ್ಕೆ ಲೈನ್ ಟೆಸ್ಟ್ ಎನ್ನುತ್ತಾರೆ. ಬಣ್ಣ ಹಚ್ಚುವ ಮೊದಲು ತಪ್ಪು ಸಿಗಲಿ ಎಂದು. ಮೊದಲ ಟೆಸ್ಟ್ ನೋಡಲು ಇಲಾಖೆಯ ಅಧಿಕಾರಿ ಬಂದರು. ಸಣಕಲು ಮನುಷ್ಯ, ಮಳೆಕೋಟು ತೆಗೆಯದೆಯೇ ಕೂತರು. ಮಾಮಾ ಓಡಿದ, ಎರಡು ಕಾಲೂ ಗಾಳಿಯಲ್ಲಿ ಚಕ್ರದಂತೆ ತಿರುಗಿದವು, ಬಾಗಿಲ ಹಿಡಿಕೆಗೆ ರಬ್ಬರಿನಂತೆ ಜೋತು ಬಿದ್ದ, ಹೊಟ್ಟೆ ಉದ್ದವಾಯಿತು, ಪಟ್ಟೆಂದು ಒಳಗೆ ಹೋದ. ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು. ದೀಪ ಹಾಕಿದ ಮೇಲೆ ಕನ್ನಡಕ ಒರೆಸಿಕೊಂಡು ಹಿಂದಿಯಲ್ಲಿ ಹೇಳಿದರು: "ಮೇಡಂ, ಬಹುತ್ ಮಜಾ ಆಯಾ. ವಹೀ ತೋ ಮುಶ್ಕಿಲ್ ಹೈ, ಮಜಾ ಬಂದದ್ದೇ ತೊಂದರೆ. ಇದನ್ನು ನೋಡಿದ ಹುಡುಗರು ನಾಳೆ ಬೆಳಿಗ್ಗೆ ಮಾಮಾನ ಹಾಗೆ ಹತ್ತಿ ತೋರಿಸುತ್ತಾರೆ."

ರಕ್ತ ತೋರಿಸುವಂತಿಲ್ಲ, ಥಿಯೇಟರಿನಲ್ಲಿ ಮಕ್ಕಳಿರುತ್ತಾರೆ. ಆದರೆ ನೋಡಿದವರ ಕಾಲು ಪ್ಲ್ಯಾಟ್‌ಫಾರ್ಮಿನ ಮೇಲೆಯೇ ನಿಲ್ಲಬೇಕು. ಅದಾಗದಿದ್ದರೆ ಕಾರ್ಟೂನ್ ಬೇಡ, ನಟನೊಬ್ಬನನ್ನು ಹಾಕಿ ಬೇರೆ ಕಡೆ ಚಿತ್ರ ಮಾಡಿಸುತ್ತೇವೆ ಎಂದು ಹೇಳಿ ಹೋದರು. ದನಿ ಏರಿಸಲಿಲ್ಲ. ಮಾಮಾನಿಗೆ ಇನ್ನೊಂದೇ ಅವಕಾಶ ಎಂಬುದು ನನಗೆ ಅರ್ಥವಾಯಿತು.

ಮರುದಿನ ಮಧ್ಯಾಹ್ನ, ಗದ್ದಲ ಕಡಿಮೆಯಿರುವ ಹೊತ್ತಿನಲ್ಲಿ, ನಾನೂ ಉಡುಪಿಯವರೂ ಸ್ಟೇಷನ್ನಿಗೆ ಹೋದೆವು. ಓಡಿ ಹತ್ತುವವರನ್ನು ಗಮನಿಸುವುದು, ನಾನು ಸ್ಟಾಪ್‌ವಾಚ್ ಹಿಡಿಯುವುದು, ಅವರು ಭಂಗಿ ಬರೆದುಕೊಳ್ಳುವುದು ಎಂದು ಮಾತಾಗಿತ್ತು. ಮಳೆ ಬಂದು ನಿಂತಿತ್ತು. ಪ್ಲ್ಯಾಟ್‌ಫಾರ್ಮ್ ಒದ್ದೆ. ನಾವು ನಿಂತದ್ದು ಚಹಾ ಸ್ಟಾಲಿನ ಪಕ್ಕ. ಸ್ವಲ್ಪ ಮುಂದೆ ತೂಕದ ಯಂತ್ರ ಇತ್ತು, ಆ ಕಾಲದಲ್ಲಿ ಎಲ್ಲ ಸ್ಟೇಷನ್ನಿನಲ್ಲೂ ಇರುತ್ತಿದ್ದ, ಬಣ್ಣದ ಬಲ್ಬುಗಳು ಮಿನುಗುವ, ಆಳೆತ್ತರದ ಕೆಂಪು ಪೆಟ್ಟಿಗೆ.

ಮಧ್ಯಾಹ್ನವಾದ್ದರಿಂದ ಯಾರಿಗೂ ಅವಸರವಿರಲಿಲ್ಲ. ಎರಡು ಮೂರು ಗಾಡಿ ಬಂದು ಹೋದವು. ಒಬ್ಬರೂ ಓಡಲಿಲ್ಲ.

"ಎಂತ ಮಾರಾಯ್ರೆ, ಇವರೆಲ್ಲ ನಿಮ್ಮ ಆಫೀಸರ ಸಿನಿಮಾ ಮೊದಲೇ ನೋಡಿ ಬಂದ ಹಾಗುಂಟು" ಎಂದರು ಅವರು.

"ಸಾಯಂಕಾಲ ಬರೋಣ ಬಿಡಿ" ಎಂದೆ.

"ಸಾಯಂಕಾಲ ಈ ಜನದ ನಡುವೆ ಕಾಲು ಎಲ್ಲಿ ಕಾಣ್ತದೆ?"

ಮುಂದಿನ ಗಾಡಿ ಬಂದು ನಿಂತಿತು. ಅವರು ಜೋಳಿಗೆ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. ಚಹಾ ತರಲು ಹೋಗುತ್ತಾರೇನೋ ಎಂದುಕೊಂಡೆ. ಗಾಡಿ ಅಲುಗಿ ಹೊರಟಿತು. ಆಗ ನನ್ನ ಕಡೆ ತಿರುಗಿ, "ವಾಚ್ ಒತ್ತಿ" ಎಂದರು. ಹೊಟ್ಟೆ ಮುಂದೆ ಮಾಡಿ, ಇಲ್ಲದ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ, ಥೇಟ್ ಮಾಮಾನ ಹಾಗೆ ಓಡಿದರು. ನನ್ನ ಹೆಬ್ಬೆರಳು ಅಭ್ಯಾಸಬಲದಿಂದ ಗುಂಡಿ ಒತ್ತಿತು. "ಬೇಡ ಕಣ್ರೀ" ಎಂಬ ಮಾತು ಅದಾದ ಮೇಲೆ ಬಾಯಿಗೆ ಬಂತು.

ಹಿಡಿಕೆ ಸಿಕ್ಕಿತು. ಬಲಗಾಲು ಬಾಗಿಲಿನ ಅಂಚಿಗೆ ತಾಗಿತು. ಆಮೇಲೆ ಆ ಕಾಲು ಅಲ್ಲಿರಲಿಲ್ಲ.

ಸದ್ದಿಲ್ಲ, ತತ್ತರಿಸುವುದಿಲ್ಲ, ಕೈ ಬೀಸುವುದಿಲ್ಲ. ಕಾಲು ಒಂದು ಗೇಣು ಕೆಳಗೆ ಹೋಯಿತು, ಅದರ ಹಿಂದೆ ಇನ್ನೊಂದು. ಸೊಂಟದಿಂದ ಕೆಳಗಿನ ಮೈ ಗಾಡಿಗೂ ಪ್ಲ್ಯಾಟ್‌ಫಾರ್ಮಿಗೂ ನಡುವಿನ ಸಂದಿಯ ಕಡೆಗೆ ತಿರುಗಿತು. ಅಷ್ಟಾದರೂ ಅವರ ಮುಖ ನನ್ನ ಕಡೆಗೇ ಇತ್ತು, ಮುಖದಲ್ಲಿ ಮಾಮಾನ ನಗು ಹಾಗೆಯೇ ಇತ್ತು. ಕಾಲಿಗೆ ಗೊತ್ತಾದದ್ದು ಮುಖಕ್ಕೆ ಇನ್ನೂ ಮುಟ್ಟಿರಲಿಲ್ಲ. ಬಾಗಿಲೊಳಗಿಂದ ಒಂದು ಕೈ ಬಂದು ಅವರ ಶರ್ಟಿನ ಕಾಲರು ಹಿಡಿಯಿತು. ಅಷ್ಟರಲ್ಲಿ ಎಲ್ಲವೂ ತೂಕದ ಯಂತ್ರದ ಮರೆಗೆ ಹೋಯಿತು.

ಯಂತ್ರದ ಆಚೆ ಗಾಡಿ ಮಾತ್ರ ಕಂಡಿತು. ಒಂದರ ಹಿಂದೊಂದು ಡಬ್ಬಿ ದಾಟಿ ಹೋದವು. ಆ ಕೈ ಅವರನ್ನು ಎಳೆದುಕೊಂಡಿತೋ, ಕಾಲರು ಹರಿದು ಹೋಯಿತೋ ನನಗೆ ಗೊತ್ತಾಗಲಿಲ್ಲ. ಕೊನೆಯ ಡಬ್ಬಿಯೂ ಹೋದ ಮೇಲೆ ಪ್ಲ್ಯಾಟ್‌ಫಾರ್ಮ್ ಖಾಲಿ. ತೂಕದ ಯಂತ್ರದ ಬಲ್ಬುಗಳು ಹಸಿರು, ಹಳದಿ, ಕೆಂಪು ಎಂದು ತಮ್ಮ ಪಾಡಿಗೆ ಮಿನುಗುತ್ತಿದ್ದವು. ನಾನು ಅವನ್ನೇ ನೋಡುತ್ತ ನಿಂತೆ. ಅಂಚಿಗೆ ಹೋಗಿ ಹಳಿಯ ಕಡೆ ಬಗ್ಗಿ ನೋಡಬೇಕಿತ್ತು. ಹೋಗಲಿಲ್ಲ. ಚಹಾ ಸ್ಟಾಲಿನವನು ಬಂದು, ತಾನೇ ಬಗ್ಗಿ ನೋಡಿ, "ಕುಛ್ ನಹೀ ಹೈ ಬೆಹನ್, ಹಳಿ ಮೇಲೆ ಏನೂ ಇಲ್ಲ" ಎಂದ. ಆಗಲೂ ನನಗೆ ನಂಬಿಕೆ ಬರಲಿಲ್ಲ. ಮುಂದೆಲ್ಲೋ ಬಿದ್ದಿರಬಹುದಲ್ಲ?

ಎಷ್ಟೋ ಹೊತ್ತಿನ ಮೇಲೆ ಎದುರು ಪ್ಲ್ಯಾಟ್‌ಫಾರ್ಮಿಗೆ ಒಂದು ಗಾಡಿ ಬಂತು. ಅದು ಹೋದ ಮೇಲೆ ಅಲ್ಲಿ, ಮುಂದಿನ ಸ್ಟೇಷನ್ನಿನಿಂದ ಮರಳಿ ಬಂದು, ಅವರು ನಿಂತಿದ್ದರು. ಎಡಗೈ ಎತ್ತಿ ಬೀಸಿದರು. ಬಲಗೈಯನ್ನು ಎದೆಗೆ ಒತ್ತಿ ಹಿಡಿದಿದ್ದರು. ಸೇತುವೆ ಹತ್ತಿ ಇಳಿದು ಬಂದು ಮೊದಲು ಕೇಳಿದ್ದು, "ಎಷ್ಟು ಸೆಕೆಂಡು ಬಂತು?"

ಕೈ ನೋಡಿಕೊಂಡೆ. ಸ್ಟಾಪ್‌ವಾಚು ಇನ್ನೂ ಓಡುತ್ತಿತ್ತು.

"ಎಂತದೂ ಆಗಿಲ್ಲ ಮಾರಾಯ್ರೆ, ಸ್ವಲ್ಪ ಕಾಲು ತಪ್ಪಿತು ಅಷ್ಟೆ. ಹಿಡಿತ ಗಟ್ಟಿ ಉಂಟಲ್ಲ, ಹೋಟೆಲ್ ಕೈ ಇದು" ಎಂದರು. ನಾನು ಜೋಳಿಗೆಯನ್ನು ಅವರ ಎಡ ಹೆಗಲಿಗೆ ಹಾಕಿದೆ. ಅವರ ಮಣಿಕಟ್ಟು ಬಾತಿತ್ತು. ಕಾಲರು ಹಿಂದುಗಡೆ ಅರ್ಧ ಕಿತ್ತು ಬಂದಿತ್ತು, ಅದು ಅವರಿಗೆ ಕಾಣುತ್ತಿರಲಿಲ್ಲ.

ವಿಷಯ ಕೇಳಿದ ಡೈರೆಕ್ಟರು ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಎದ್ದು ಉಡುಪಿಯವರ ಹತ್ತಿರ ಬಂದು, "ನಿಮ್ಮ ಹೋಟೆಲ್ ಮಾವಗ ನಾ ಏನಂತ ಹೇಳಲ್ಯೋ ಹುಚ್ಚಪ್ಪಾ?" ಎಂದು ಅವರ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಅವತ್ತಿನಿಂದ ನಿಯಮಕ್ಕೆ ಒಂದು ಮಾತು ಸೇರಿತು. ಮೈಯಲ್ಲಿ ಮಾಡುವುದು ಸ್ಟುಡಿಯೋದ ನಾಲ್ಕು ಗೋಡೆಯೊಳಗೆ ಮಾತ್ರ.

ಬಲಗೈಗೆ ಪಟ್ಟಿ ಬಿದ್ದದ್ದರಿಂದ ಅವರು ಪೆನ್ಸಿಲ್ ಹಿಡಿಯುವ ಹಾಗಿರಲಿಲ್ಲ. ಜಾರುವ ದೃಶ್ಯವನ್ನು ಮುಖ್ಯ ಭಂಗಿ, ನಡುವಿನ ಚಿತ್ರ ಎಲ್ಲ ಸೇರಿ ನಾನೊಬ್ಬಳೇ ಬರೆಯಬೇಕಾಯಿತು. ಯಾರೂ ಹೇಳದಿದ್ದರೂ ನಾನೇ ಬರೆಯುತ್ತಿದ್ದೆ. ಅದನ್ನು ನೋಡಿದ್ದವಳು ನಾನು. ಜಾರಿದವರಿಗೇ ಅದು ನೆನಪಿರಲಿಲ್ಲ. ಅವರ ಲೆಕ್ಕದಲ್ಲಿ ಹಿಡಿಕೆ ಹಿಡಿದದ್ದುಂಟು, ಒಳಗೆ ಬೆಂಚಿನ ಮೇಲೆ ಕೂತದ್ದುಂಟು, ನಡುವೆ ಏನೂ ಇಲ್ಲ.

ಒಳಗೆ ದೀಪ ಉರಿಯುವ ಲೈಟ್ ಬಾಕ್ಸಿನ ಗಾಜಿನ ಮೇಲೆ ಕಾಗದವನ್ನು ಮೊಳೆಗೆ ಸಿಕ್ಕಿಸಿ, ಕಣ್ಣು ಮುಚ್ಚಿ, ಸ್ಟೇಷನ್ನನ್ನು ಮತ್ತೆ ಓಡಿಸುತ್ತಿದ್ದೆ. ಕಾಲು ಅಂಚಿಗೆ ತಾಗಿತು. ನಿಲ್ಲಿಸು. ಬರೆ. ಕಾಲು ಅಲ್ಲಿಲ್ಲ. ನಿಲ್ಲಿಸು. ಬರೆ. ಒಂದೊಂದು ಗೆರೆಯನ್ನೂ ನನಗೆ ನೆನಪಿದ್ದ ಹಾಗೆಯೇ ಎಳೆದು, ಟೆಸ್ಟ್ ತೆಗೆಸಿ, ಲ್ಯಾಬಿನಿಂದ ಬಂದದ್ದನ್ನು ಪ್ರೊಜೆಕ್ಟರಿಗೆ ಹಾಕಿದೆವು.

ಮಾಮಾ ಓಡಿದ, ಹಿಡಿದ, ಜಾರಿದ. ತೇಲುತ್ತ ತೇಲುತ್ತ ಇಳಿದ.

"ತಂಗಿ, ಮನಿಷಾ ಬಿದ್ದಾನೋ, ಗಾಳಿ ತುಂಬಿದ ಫುಗ್ಗಾ ಇಳದೈತೋ?" ಎಂದರು ಡೈರೆಕ್ಟರು.

"ಹೀಗೇ ಆಯ್ತು ಸರ್. ನಾನು ನೋಡಿದೀನಿ."

"ಇಲ್ಲಂದ್ನೇನು? ನಿನಗ ಎಷ್ಟು ಹೊತ್ತು ಅನಸ್ತು, ಅದನ್ನ ಬರದೀದಿ. ಆಗಿದ್ದು ಎಷ್ಟು ಹೊತ್ತು?"

ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೆಂದೇ ಕೈಯಲ್ಲಿದ್ದ ವಾಚನ್ನು ನಾನು ನಿಲ್ಲಿಸಿರಲಿಲ್ಲ. ಕಣ್ಣು ಮುಚ್ಚಿ ಮೇಜು ಕುಟ್ಟಿ ಅಳೆಯಲು ನೋಡಿದೆ. ಒಂದು ಸಲ ನಾಲ್ಕು ಸೆಕೆಂಡು, ಇನ್ನೊಂದು ಸಲ ಆರು. ಹೆದರಿಕೆ ಪ್ರತಿ ಸಲವೂ ಹೊಸ ಲೆಕ್ಕ ಕೊಡುತ್ತಿತ್ತು. ಅಧಿಕಾರಿ ಮತ್ತೆ ಬರುವ ದಿನ ಹತ್ತಿರವಾಗುತ್ತಿತ್ತು.

ದಾರಿ ಹೊಳೆದದ್ದು ತೂಕದ ಯಂತ್ರದಿಂದ. ಅವರ ಕಾಲು ಜಾರಿದ್ದು ಚಹಾ ಸ್ಟಾಲಿನ ಮೂಲೆಯ ಎದುರು. ಮರೆಯಾದದ್ದು ಯಂತ್ರದ ಹಿಂದೆ. ಎರಡೂ ಇನ್ನೂ ಅಲ್ಲಿಯೇ ಇವೆ. ಲೋಕಲ್ ಗಾಡಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಲ್ಲುತ್ತದೆ, ಅದೇ ಎಳೆತದಲ್ಲಿ ಹೊರಡುತ್ತದೆ. ಆ ಡಬ್ಬಿಯ ಆ ಬಾಗಿಲು ಮೂಲೆಯಿಂದ ಯಂತ್ರದವರೆಗೆ ಹೋಗಲು ಎಷ್ಟು ಹೊತ್ತು ಬೇಕೋ, ಅಷ್ಟೇ ಹೊತ್ತಿನಲ್ಲಿ ಅದು ಆಗಿರಬೇಕು.

ಅಲ್ಲಿಗೆ ಮತ್ತೆ ಹೋಗಲು ನನಗೆ ಮನಸ್ಸಿರಲಿಲ್ಲ. ಆ ದಿನದಿಂದ ನಾನು ಪ್ಲ್ಯಾಟ್‌ಫಾರ್ಮಿನ ಇನ್ನೊಂದು ತುದಿಯಲ್ಲಿ ಹತ್ತಿ ಇಳಿಯುತ್ತಿದ್ದೆ. ಆದರೂ ಹೋದೆ. ಸ್ಟಾಲಿನ ಕಂಬಕ್ಕೆ ಬೆನ್ನು ಒತ್ತಿ ನಿಂತೆ. ಗಾಡಿ ಹೊರಟಾಗಲೆಲ್ಲ ಖಾಲಿ ಬಾಗಿಲಿನಲ್ಲಿ ಅವರು ಜೋತುಬಿದ್ದಂತೆ ಕಾಣುತ್ತಿತ್ತು. ಗುಂಡಿ ಒತ್ತುವುದು ತಡವಾಗಿ ಮೊದಲ ಕೆಲವು ಅಳತೆಗಳು ಕೆಟ್ಟವು. ಚಹಾದವನು ಗುರುತು ಹಿಡಿದು, "ವೋ ಭಾಯಿ ಠೀಕ್ ಹೈ?" ಎಂದು ಕೇಳಿದ. ಹೌದೆಂದೆ. ಚಹಾ ಕೊಟ್ಟ. ಅದನ್ನು ಕುಡಿದು ಮತ್ತೆ ಹಿಡಿದೆ. ಸಂಜೆಯ ಗದ್ದಲ ಶುರುವಾಗುವವರೆಗೂ ಅಳೆದೆ. ಒಂದೂವರೆ ಸೆಕೆಂಡು. ಸ್ವಲ್ಪ ಆಚೆ ಈಚೆ, ಆದರೆ ಪ್ರತಿ ಸಲವೂ ಅಲ್ಲಿಗೇ ಬಂದು ನಿಂತಿತು.

ಫಿಲ್ಮಿನಲ್ಲಿ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟು. ಒಂದೂವರೆ ಸೆಕೆಂಡಿಗೆ ಮೂವತ್ತಾರು. ಒಬ್ಬ ಮನುಷ್ಯ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಮೂವತ್ತಾರು ಚಿತ್ರ. ಸಾಮಾನ್ಯವಾಗಿ ಒಂದೇ ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಉಪಯೋಗಿಸಿ ನಾವು ಅರ್ಧ ಕೆಲಸ ಉಳಿಸುತ್ತೇವೆ. ಇದಕ್ಕೆ ನಾನು ಉಳಿಸಲಿಲ್ಲ. ಮೂವತ್ತಾರನ್ನೂ ಬರೆದೆ.

ಅದನ್ನು ಟೆಸ್ಟ್ ಮಾಡಿದರೆ ಹೊಸ ತೊಂದರೆ. ಏನಾಯಿತೆಂದೇ ಕಾಣುತ್ತಿರಲಿಲ್ಲ.

ನಮ್ಮ ಕಸುಬಿನ ಮೊದಲ ಪಾಠವೇ ತಯಾರಿ. ಪಾತ್ರ ಮುಂದೆ ಓಡುವ ಮೊದಲು ಹಿಂದಕ್ಕೆ ವಾಲಬೇಕು, ಜಿಗಿಯುವ ಮೊದಲು ಕುಗ್ಗಬೇಕು, ಬೀಳುವ ಮೊದಲು ಕಣ್ಣರಳಿಸಿ ತತ್ತರಿಸಬೇಕು. ಈಗ ಏನೋ ಆಗಲಿದೆ ಎಂದು ನೋಡುವವರ ಕಣ್ಣಿಗೆ ಮುಂಚೆಯೇ ಹೇಳಬೇಕು. ತಯಾರಿ ಇಲ್ಲದ ಚಲನೆ ಕಣ್ಣಿಗೆ ಸಿಕ್ಕುವುದೇ ಇಲ್ಲ. ನನ್ನ ಮೂವತ್ತಾರು ಚಿತ್ರಗಳಲ್ಲಿ ತಯಾರಿ ಇರಲಿಲ್ಲ, ಸ್ಟೇಷನ್ನಿನಲ್ಲೂ ಇರಲಿಲ್ಲವಲ್ಲ.

"ಜಾರೂ ಮೊದಲ ಒಂದಿಷ್ಟು ತತ್ತರಸಲಿ, ಕಣ್ಣ ದೊಡ್ಡವು ಮಾಡಲಿ" ಎಂದರು ಡೈರೆಕ್ಟರು.

"ತತ್ತರಿಸಿದರೆ ಮತ್ತೆ ನಗ್ತಾರೆ ಸರ್. ನಮ್ಮ ಮೊದಲ ಟೆಸ್ಟೂ ಅದೇ ಅಲ್ವಾ? ಬೀಳೋದು ಮುಂಚೆಯೇ ಗೊತ್ತಾದರೆ ಅದು ಆಟ."

"ಗೊತ್ತಾಗಲಿಲ್ಲಂದ್ರ ಏನೂ ಇಲ್ಲ. ಪರದೆ ಮ್ಯಾಲ ಒಂದು ಮಸಿ ಕಲಿ ಬಿದ್ದಂಗ."

ಇಬ್ಬರೂ ಸರಿ. ಎರಡು ದಿನ ಇದೇ ಮಾತು ನಡೆಯಿತು. ಪಟ್ಟಿ ಕಟ್ಟಿದ ಕೈಯಲ್ಲಿ ಕೆಲಸವಿಲ್ಲದೆ ಕೂತ ಉಡುಪಿಯವರು ಆ ಹೊತ್ತಿನಲ್ಲಿ ನಮ್ಮನ್ನು ನಗಿಸಲೆಂದು ಮಾಮಾನ ದಿನಚರಿ ಮಾಡಿ ತೋರಿಸುತ್ತಿದ್ದರು. ಮಾಮಾ ಸೀನುವ ಮೊದಲು ಮೂರು ಸಲ ತಲೆ ಹಿಂದಕ್ಕೆ ಎಳೆಯುತ್ತಾನೆ. ಮಾಮಾ ಬೆಂಚಿನ ಮೇಲೆ ಕೂರುವ ಮೊದಲು ಧೂಳು ಊದಿ, ಪಂಚೆಯಿಲ್ಲದಿದ್ದರೂ ಪಂಚೆ ಎತ್ತಿದ ಹಾಗೆ ಪ್ಯಾಂಟು ಎಳೆದು, ಹಿಂದೆ ನೋಡಿ ಕೂರುತ್ತಾನೆ. ಮಾಮಾ ಇಡ್ಲಿ ಕಚ್ಚುವ ಮೊದಲು ಇಡ್ಲಿಗೇ ಗಾಬರಿಯಾಗುವಷ್ಟು ದೊಡ್ಡದಾಗಿ ಬಾಯಿ ತೆರೆಯುತ್ತಾನೆ.

ನೋಡುತ್ತ ನೋಡುತ್ತ ನನಗೆ ತಿಳಿಯಿತು. ತಯಾರಿಯನ್ನು ಜಾರುವಲ್ಲಿ ಹಾಕಬೇಕಿಲ್ಲ. ಅದಕ್ಕೆ ಮೊದಲು ಬರುವ ಎಲ್ಲದರಲ್ಲೂ ಹಾಕಬೇಕು. ಮಾಮಾ ಏನು ಮಾಡಿದರೂ ಮೊದಲು ಸೂಚನೆ ಕೊಡುವವನು. ಊಟದ ಡಬ್ಬಿ ಎತ್ತಿಕೊಳ್ಳಲು ತಯಾರಿ, ಕೆಮ್ಮಲು ತಯಾರಿ, ಗಡಿಯಾರ ನೋಡಲು ತಯಾರಿ. ನೋಡುವವರ ಕಣ್ಣಿಗೆ ಅದು ರೂಢಿಯಾಗಲಿ, ಅವರು ಅದಕ್ಕಾಗಿ ಕಾಯಲಿ, ನಗಲಿ. ಆಮೇಲೆ ಒಂದೇ ಒಂದು ಸಲ, ಮಾಮಾನಿಗೇ ಗೊತ್ತಿಲ್ಲದ ಹಾಗೆ, ಮುಖದಲ್ಲಿ ನಗು ಇರುವಾಗಲೇ, ಕಾಲು ಹೋಗಲಿ.

ಹೇಳಿದೆ. ಡೈರೆಕ್ಟರು ಕಣ್ಣು ಮುಚ್ಚಿ ಕೇಳಿದರು. "ಹಂಗಂದ್ರ ಮೊದಲಿಂದ ಎಲ್ಲಾ ಮತ್ತ ಬರೀಬೇಕು" ಎಂದರು.

"ಹೌದು ಸರ್."

"ಆಫೀಸರ್ ಬರೂದರೊಳಗ."

"ಹೌದು ಸರ್. ಇನ್ನೂ ಒಂದಿದೆ." ಧೈರ್ಯ ಇರುವಾಗಲೇ ಹೇಳಿಬಿಡಬೇಕೆನಿಸಿತು. "ಮಾಮಾ ಯಂತ್ರದ ಮರೆಗೆ ಹೋದ ಮೇಲೆ ಅವನನ್ನು ತೋರಿಸೋದು ಬೇಡ. ಗಾಡಿ ಹೋಗಲಿ. ಖಾಲಿ ಪ್ಲ್ಯಾಟ್‌ಫಾರ್ಮು, ಯಂತ್ರ, ಅದರ ದೀಪ. ಎಂಟು ಸೆಕೆಂಡು."

ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಎಂಟು ಸೆಕೆಂಡು ಎಂದರೆ ಕಾರ್ಟೂನಿನಲ್ಲಿ ಒಂದು ಯುಗ. ಅಷ್ಟರಲ್ಲಿ ಬೆಕ್ಕು ಇಲಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯಬಹುದು. ಕ್ಯಾಮೆರಾ ನೋಡಿಕೊಳ್ಳುತ್ತಿದ್ದವರು ಕೇಳಿದರು: "ಮೇಡಂ, ಇದರಲ್ಲಿ ಡ್ರಾಯಿಂಗ್ ಎಲ್ಲಿದೆ? ನಾನು ಖಾಲಿ ಸ್ಟೇಷನ್ನಿನ ಫೋಟೋ ತೆಗೆಯಬೇಕಾ?"

"ಮೂರು ಸೆಕೆಂಡು ಸಾಕು" ಎಂದರು ಡೈರೆಕ್ಟರು. "ಜನ ಪ್ರೊಜೆಕ್ಟರ್ ಕೆಟ್ಟೈತಿ ಅಂತಾರು."

"ಮೂರು ಸೆಕೆಂಡಿಗೆ ಅವರಿಗೆ ಹೆದರಿಕೆ ಆಗಲ್ಲ ಸರ್. ಆ ದೀಪಗಳನ್ನ ನೋಡ್ತಾ ನಿಂತಾಗ ನನಗೆ ಏನೇನು ಬಂತು ಅಂತ ನನಗೆ ಗೊತ್ತು. ಅವರು ಇದ್ದಾರಾ ಇಲ್ವಾ ಅನ್ನೋದೊಂದೇ. ಅದು ಬರಬೇಕು ಅಂದ್ರೆ ಹೊತ್ತು ಬೇಕು."

ಡೈರೆಕ್ಟರು ಉಡುಪಿಯವರ ಕಡೆ ನೋಡಿದರು. ಅವರು ತಲೆ ತಗ್ಗಿಸಿ ಮಣಿಕಟ್ಟಿನ ಪಟ್ಟಿ ಸರಿ ಮಾಡಿಕೊಳ್ಳುತ್ತಿದ್ದರು.

"ನೋಡಿದಾಕಿ ನೀ" ಎಂದರು ಡೈರೆಕ್ಟರು. "ನಿನ್ನ ಮಾತ ನಡೀಲಿ. ಎಂಟು."

ಆಮೇಲಿನ ದಿನಗಳು ಕಾಗದ ಮತ್ತು ರಬ್ಬರ್ ಪುಡಿಯಲ್ಲಿ ಕಳೆದವು. ಎಲ್ಲರೂ ತಮ್ಮ ಕೆಲಸ ಬಿಟ್ಟು ಮಾಮಾನ ತಯಾರಿಗಳಿಗೆ ಕೈ ಕೊಟ್ಟರು. ಉಡುಪಿಯವರು ಕನ್ನಡಿಯ ಮುಂದೆ ಸೀನಿ, ಕೂತು, ಕೆಮ್ಮಿ ತೋರಿಸಿದರು, ನಾವು ಬರೆದೆವು. ಪೆನ್ಸಿಲ್ ಚಿತ್ರಗಳನ್ನು ಸೆಲ್ ಎಂಬ ಪಾರದರ್ಶಕ ಹಾಳೆಗೆ ಮಸಿಯಲ್ಲಿ ಇಳಿಸಿ, ಹಿಂದಿನಿಂದ ಬಣ್ಣ ತುಂಬುವ ಹೊತ್ತಿಗೆ ಮಳೆ ಮತ್ತೆ ಹಿಡಿಯಿತು. ತೇವಕ್ಕೆ ಬಣ್ಣ ಒಣಗುವುದಿಲ್ಲ, ಒಂದರ ಮೇಲೊಂದು ಇಟ್ಟ ಸೆಲ್‌ಗಳು ಅಂಟಿಕೊಳ್ಳುತ್ತವೆ. ಒಂದು ಬೆಳಿಗ್ಗೆ ಬಂದು ನೋಡಿದರೆ ಮಾಮಾನ ಹೊಟ್ಟೆ ಒಂದು ಹಾಳೆಯಿಂದ ಎದ್ದು ಇನ್ನೊಂದರ ಬೆನ್ನಿಗೆ ಕೂತಿತ್ತು. ಬಣ್ಣದ ವಿಭಾಗದ ಹೆಂಗಸರು ಅಡುಗೆಮನೆಯಲ್ಲಿ ಹಗ್ಗ ಕಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪಿನಲ್ಲಿ ಮಾಮಾನನ್ನು ಸಾಲಾಗಿ ನೇತುಹಾಕಿ, ಟೇಬಲ್ ಫ್ಯಾನ್ ಇಟ್ಟು ಒಣಗಿಸಿದರು. ಆ ಫ್ಯಾನಿನ ಗಾಳಿಗೆ ಮೂವತ್ತಾರು ಮಾಮಾಗಳು ನಗುನಗುತ್ತ ತೂಗಾಡುತ್ತಿದ್ದುದನ್ನು ಕಂಡು ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.

ಅಧಿಕಾರಿ ಬಂದಾಗ ಮಳೆಕೋಟಿನಲ್ಲೇ ಇದ್ದರು. ದೀಪ ಆರಿಸಿದೆವು. ಮಾಮಾ ಸೀನಿದ, ನಕ್ಕರು. ಮಾಮಾ ಕೂತ, ನಕ್ಕರು. ಗಾಡಿ ಹೊರಟಿತು, ಮಾಮಾ ಓಡಿದ, ಜಾರಿದ. ಯಂತ್ರದ ದೀಪಗಳು ಹಸಿರು, ಹಳದಿ, ಕೆಂಪು. ಅವರ ನಗು ಅರ್ಧಕ್ಕೆ ನಿಂತದ್ದು ಕತ್ತಲಲ್ಲಿ ನನಗೆ ಕೇಳಿಸಿತು. ಎಂಟು ಸೆಕೆಂಡಿನ ಮೇಲೆ ಎದುರು ಪ್ಲ್ಯಾಟ್‌ಫಾರ್ಮಿನ ಗಾಡಿಯಿಂದ ಮಾಮಾ ಇಳಿದು ಬರುತ್ತಾನೆ, ಛತ್ರಿ ಇಲ್ಲ, ಕಾಲರು ಹರಿದಿದೆ. ಯಾವ ತಯಾರಿಯೂ ಇಲ್ಲದೆ ಬೆಂಚಿನ ಮೇಲೆ ಕುಸಿದು ಕೂರುತ್ತಾನೆ. ಅವನ ಮುಂದೆ ಒಂದು ಗಾಡಿ ಹೊರಡುತ್ತದೆ. ಅವನು ಏಳುವುದಿಲ್ಲ.

ಅಧಿಕಾರಿ ಮಳೆಕೋಟು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು. "ಏಕ್ ಬಾರ್ ಔರ್" ಎಂದರು. ಇನ್ನೊಮ್ಮೆ ನೋಡಿ, ಒಂದು ಚೌಕಟ್ಟೂ ಮುಟ್ಟಬೇಡಿ ಎಂದು ಹೇಳಿ ಹೋದರು. ಅವರು ಗೇಟು ದಾಟುವುದನ್ನೇ ಕಾಯುತ್ತಿದ್ದ ಡೈರೆಕ್ಟರು ಎರಡೂ ಕೈ ಎತ್ತಿ ಕುಣಿದರು. ಕುಣಿಯುವ ಮೊದಲು ಚೆನ್ನಾಗಿ ಮೊಣಕಾಲು ಬಗ್ಗಿಸಿ ತಯಾರಿ ಕೊಟ್ಟಿದ್ದರು.

ಚಿತ್ರ ಥಿಯೇಟರುಗಳಿಗೆ ಬಂದ ಮೊದಲ ಭಾನುವಾರ ನಾನೂ ಉಡುಪಿಯವರೂ ಗ್ರಾಂಟ್ ರೋಡಿನ ಒಂದು ಥಿಯೇಟರಿಗೆ ಮ್ಯಾಟಿನಿಗೆ ಹೋದೆವು. ದೊಡ್ಡ ಚಿತ್ರ ಯಾವುದೆಂದು ನೋಡಿರಲೂ ಇಲ್ಲ. ಹೌಸ್‌ಫುಲ್. ಕಡಲೆಕಾಯಿ, ಗದ್ದಲ, ಮಕ್ಕಳ ಅಳು. ಮಾಮಾ ಪರದೆಗೆ ಬಂದಾಗಲೂ ಜನ ಸೀಟು ಹುಡುಕುತ್ತಿದ್ದರು. ಮಾಮಾ ಸೀನಿದಾಗ ಒಂದು ಸಾಲು ನಕ್ಕಿತು. ಕೂತಾಗ ಅರ್ಧ ಥಿಯೇಟರು. ಇಡ್ಲಿಗೆ ಬಾಯಿ ತೆರೆದಾಗ ಹಿಂದಿನ ಸೀಟಿನ ಮಗುವೊಂದು ತಾನೂ ಬಾಯಿ ತೆರೆದು "ಆ" ಎಂದಿತು. ಮಾಮಾ ಓಡಿದ. ಮುಂದಿನ ಸಾಲುಗಳಲ್ಲಿ ಶಿಳ್ಳೆ.

ಕಾಲು ಹೋಯಿತು. ಗಾಡಿ ಹೋಯಿತು. ದೀಪಗಳು ಮಿನುಗಿದವು.

ನಗು ಒಮ್ಮೆಗೇ ನಿಲ್ಲಲಿಲ್ಲ. ಒಂದೊಂದು ಮೂಲೆಯಲ್ಲಿ ಒಂದೊಂದಾಗಿ ಆರಿತು. ನಾಲ್ಕನೆಯ ಸೆಕೆಂಡಿಗೆ ಫ್ಯಾನುಗಳ ಸದ್ದು ಕೇಳತೊಡಗಿತು. ಐದು, ಆರು. ಮುಂದಿನ ಸಾಲಿನಿಂದ, ಬಹುಶಃ ಶಿಳ್ಳೆ ಹಾಕಿದವನೇ, ಮೆಲ್ಲಗೆ ಕೇಳಿದ, "ಅರೇ, ಗಯಾ ಕ್ಯಾ, ಹೋಗೇಬಿಟ್ಟನಾ?" ಅಷ್ಟು ಜನರೂ ಆ ಖಾಲಿ ಪ್ಲ್ಯಾಟ್‌ಫಾರ್ಮಿನ ಮೇಲೆ ನನ್ನ ಜೊತೆ ನಿಂತಿದ್ದರು. ಅಲ್ಲಿಯವರೆಗೂ ನಾನು ಅಲ್ಲಿ ಒಬ್ಬಳೇ ನಿಂತಿದ್ದೆ.

ಮಾಮಾ ಎದುರು ಗಾಡಿಯಿಂದ ಇಳಿದ. ಥಿಯೇಟರು ಉಸಿರು ಬಿಟ್ಟಿತು. ಆಮೇಲೆ ಬಂದ ಚಪ್ಪಾಳೆ, ಶಿಳ್ಳೆ, ಬೆಂಚು ಬಡಿತವನ್ನು ನಾನು ಬೇರಾವ ಕೆಲಸಕ್ಕೂ ಮತ್ತೆ ಕೇಳಿಲ್ಲ. ದೊಡ್ಡ ಚಿತ್ರದ ಹೆಸರು ಬರುವವರೆಗೂ ಅದು ನಿಲ್ಲಲಿಲ್ಲ.

ಉಡುಪಿಯವರು ಚಪ್ಪಾಳೆ ತಟ್ಟಲಿಲ್ಲ. ಪರದೆಯನ್ನೇ ನೋಡುತ್ತಿದ್ದರು. ಸ್ಟುಡಿಯೋದಲ್ಲಿ ಆ ತುಂಡನ್ನು ಎಷ್ಟು ಸಲ ನೋಡಿರಲಿಲ್ಲ? ಆದರೂ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: "ಆವತ್ತು ನೀವು ಹೀಗೆಯೇ ನಿಂತದ್ದಾ?"

"ಇದಕ್ಕಿಂತ ಜಾಸ್ತಿ ಹೊತ್ತು" ಎಂದೆ.

ದೊಡ್ಡ ಚಿತ್ರವನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದೆವು. ಗ್ರಾಂಟ್ ರೋಡ್ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಕೆಳಗೆ ನಮ್ಮ ಕಡೆಯ ಗಾಡಿ ನಿಂತಿತ್ತು. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅದು ಅಲುಗಿತು. ಬಾಗಿಲು ನಮ್ಮ ಎದುರಿಗೇ ಇತ್ತು, ನಾಲ್ಕು ಹೆಜ್ಜೆ ಓಡಿದ್ದರೆ ಸಿಗುತ್ತಿತ್ತು. ಅವರ ಬಲ ಹೆಗಲು ತಾನಾಗಿಯೇ ಮುಂದಕ್ಕೆ ಹೋದದ್ದನ್ನು ಕಂಡೆ.

ಹೆಗಲು ಹಿಂದಕ್ಕೆ ಬಂತು. ಗಾಡಿ ನಮ್ಮ ಮುಂದೆ ಪೂರ್ತಿ ಹೋಯಿತು. ಅವರು ಬೆಂಚಿನ ಹತ್ತಿರ ಹೋಗಿ, ಧೂಳು ಊದಿ, ಪ್ಯಾಂಟು ಎಳೆದು, ಹಿಂದೆ ನೋಡಿ, ಮಾಮಾನ ಹಾಗೆ ಕೂತರು.

"ಕೂತ್ಕೊಳ್ಳಿ ಮಾರಾಯ್ರೆ" ಎಂದರು. "ಇನ್ನೊಂದು ಬರ್ತದೆ."